ಗ್ಯಾದರಿಂಗ್‌ನಲ್ಲಿ (ಶಾಲೆಯ ವಾರ್ಷಿಕೋತ್ಸವದಲ್ಲಿ) ತಲೆ ಬೋಳಿಸಿ ಕ್ಯಾನ್ಸರ್ ಪೇಶೆಂಟ್‌ಗಳಿಗೆ ದುಡ್ಡು ಎತ್ತೋದು, ಮಾಡಬಹುದಾ?

ಗಣಿತ ಮಾಸ್ತರ, ಧಾರವಾಡ:
ಇಲ್ಲೇ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸ್ತೇನೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನಿಗೆ ಬ್ಲಡ್ ಕ್ಯಾನ್ಸರ್ ಆಗಿತ್ತು. ಕೀಮೋ ಎಲ್ಲ ಆಗಿ ಈಗ ಎರಡು ತಿಂಗಳಿಂದ ಮತ್ತೆ ಶಾಲೆಗೆ ಬರ್ತಿದ್ದಾನೆ. ಟೋಪಿ ಮಾತ್ರ ತೆಗೆಯೋದೇ ಇಲ್ಲ.

ಕ್ಲಾಸಿನ ಹುಡುಗರು ಎಲ್ಲೋ ವಿಡಿಯೋ ನೋಡಿ ಬಂದಿದ್ದಾರೆ. ಅಮೆರಿಕದಲ್ಲಿ ಸೇಂಟ್ ಬಾಲ್ಡ್ರಿಕ್ಸ್ ಅಂತ ಒಂದು ಸಂಸ್ಥೆ ಇದೆ, 2000ದ ಮಾರ್ಚ್ 17ಕ್ಕೆ ನ್ಯೂಯಾರ್ಕ್‌ನ ಇನ್ಶೂರೆನ್ಸ್ ಲೈನಿನ ಕೆಲವರು 17 ತಲೆ ಬೋಳಿಸಿ 17,000 ಡಾಲರ್ ಎತ್ತೋಣ ಅಂತ ಹೊರಟರಂತೆ, ಬಂದಿದ್ದು ಲಕ್ಷ ಡಾಲರ್ ದಾಟಿತು. ಬೋಳಿಸಿಕೊಳ್ಳುವವನ ಹೆಸರಲ್ಲಿ ನೆಂಟರು, ಓಣಿಯವರು ಇಷ್ಟಿಷ್ಟು ಅಂತ ಕೊಡೋದು. ಆ ದುಡ್ಡು ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ. ನಾವೂ ಗ್ಯಾದರಿಂಗ್ ದಿನ ಸ್ಟೇಜ್ ಮೇಲೆ ಮಾಡೋಣ ಸರ್ ಅಂತ ಹನ್ನೊಂದು ಹುಡುಗರು ಹೆಸರು ಬರೆಸಿದ್ದಾರೆ.

ಪಾಲಕರ ಮೀಟಿಂಗ್‌ನಲ್ಲಿ ಒಬ್ಬ ಆಯಿ ಎದ್ದು ನಿಂತು "ಅಪ್ಪ-ಅವ್ವ ಗಟ್ಟಿ ಇದ್ದಾಗ ಮಗಾ ತಲಿ ಬೋಳಿಸಬಾರದ್ರಿ ಸರ್" ಅಂದರು. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ಹುಡುಗರು ವರ್ಷಾ ಇರ್ತಾರಲ್ಲ ಅಂದೆ. ಅದು ದೇವರ ಹರಕೆ, ಇದು ಬೇರೆ ಅಂದರು. ನನಗೂ ಉತ್ತರ ಹೊಳೆಯಲಿಲ್ಲ. ಯಾರಾದರೂ ಮಾಡಿದ್ದೀರಾ?

ಗದಗಿನ ಅವ್ವ:
ಸರ್, ಆಯಿನ ಮಾತು ಬಿಡಿ. ಆ ಹುಡುಗನನ್ನ ಕೇಳಿದ್ರಾ?

ನನ್ನ ಮಗಳಿಗೂ ಇದೇ ಆಗಿತ್ತು. ಕೀಮೋ ಶುರುವಾಗಿ ಮೂರನೇ ವಾರಕ್ಕೆ ಹಣಿಗೆ ಹಾಕಿದರೆ ಸಾಕು, ಕೂದಲು ಕೈಗೇ ಬರ್ತಿತ್ತು. ಅವಳು ಏಳೋ ಮೊದಲೇ ದಿಂಬಿನ ಕವರ್ ಹೊರಗೆ ಒಯ್ದು ಜಾಡಿಸಿ ತರ್ತಿದ್ದೆ. ಆದರೆ ಅವಳು ನಿಜವಾಗಿ ಅತ್ತಿದ್ದು ಶಾಲೆಯಲ್ಲಿ. ಪಾಪ ಒಳ್ಳೇ ಮನಸ್ಸಿನಿಂದಲೇ ದುಡ್ಡು ಕೂಡಿಸಿದ್ದರು. ಅವಳನ್ನ ಸ್ಟೇಜ್ ಮೇಲೆ ಕೂರಿಸಿ, ಶಾಲು ಹೊದಿಸಿ, ಚೆಕ್ ಹಿಡಿಸಿ ಫೋಟೋ ತೆಗೆದರು. ಆ ಫೋಟೋ ವಾಟ್ಸಾಪ್‌ನಲ್ಲಿ ನಮ್ಮ ಬೀಗರ ಊರಿನ ತನಕ ಹೋಯ್ತು. ಹದಿನಾಲ್ಕು ವರ್ಷದ ಹುಡುಗಿ, "ಮುಂದೆ ಇವಳ ಮದುವೆ ಹೆಂಗೆ" ಅಂತ ಫೋನ್ ಮಾಡಿದವರೂ ಇದ್ದರು!! ಮರುದಿನ ಶಾಲೆಗೆ ಹೋಗಲ್ಲ ಅಂತ ಕೂತಳು.

ದುಡ್ಡು ಮಾತ್ರ ಎತ್ತಿ. ಸಂಶೋಧನೆಗೆ ಅಲ್ಲ, ನಿಮ್ಮ ಹತ್ತಿರದ ಪೇಶೆಂಟ್‌ಗಳಿಗೆ ಕೊಡಿ. ಬಿಪಿಎಲ್ ಮನೆಯವರಿಗೆ ಆಯುಷ್ಮಾನ್ ಕಾರ್ಡ್‌ನಲ್ಲಿ ವರ್ಷಕ್ಕೆ 5 ಲಕ್ಷದ ತನಕ ಆಗ್ತದೆ, ಆದರೆ ಕಾರ್ಡ್ ಊಟ ಹಾಕಲ್ಲ, ರೂಮ್ ಬಾಡಿಗೆ ಕೊಡಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವಾಗ ನಮ್ಮವರ ಕೂಲಿ ಎಷ್ಟು ದಿನ ಹೋಯ್ತೋ. ರೈಲಿನಲ್ಲಿ ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ಪೇಶೆಂಟ್‌ಗೆ ಸ್ಲೀಪರ್ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ 75% ರಿಯಾಯಿತಿ, ಆಸ್ಪತ್ರೆಯವರು ಫಾರ್ಮ್ ಬರೆದು ಕೊಡ್ತಾರೆ. ಇದು ನಮಗೆ ನಾಲ್ಕನೇ ಸಲ ಹೋಗುವಾಗ ಗೊತ್ತಾಯ್ತು. ಅದನ್ನೂ ಆ ಮನೆಯವರಿಗೆ ಹೇಳಿ.

ಕಟಿಂಗ್ ಅಂಗಡಿ, ಹಾವೇರಿ:
ಬೋಳಿಸೋದಾದರೆ ಕತ್ತಿ ಬೇಡ, ಮಿಷನ್ ಹಾಕಿಸಿ. ಸ್ಟೇಜ್ ಮೇಲೆ ಗಡಿಬಿಡಿಯಲ್ಲಿ ಹುಡುಗರು ತಲೆ ಅಲ್ಲಾಡಿಸ್ತಾರೆ, ಕುಯ್ದುಕೊಳ್ತದೆ. ಕತ್ತಿನೇ ಬೇಕು ಅಂದರೆ ತಲೆಗೊಂದು ಹೊಸ ಬ್ಲೇಡ್, ಅದರಲ್ಲಿ ಕಂಜೂಸ್‌ತನ ಬೇಡ. ಕೀಮೋದಲ್ಲಿ ಇರುವವರ ತಲೆಗಂತೂ ಬ್ಲೇಡ್ ತಾಗಿಸಬಾರದು, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ರಕ್ತ ನಿಲ್ಲಲ್ಲ.

ಇನ್ನೊಂದು, ಬೋಳಿಸಿದ ಕೂದಲು ವಿಗ್‌ಗೆ ಆಗ್ತದೆ ಅಂತ ಸುಮ್ನೆ ಅನೌನ್ಸ್ ಮಾಡಬೇಡಿ. ವಿಗ್‌ಗೆ ಸಾಮಾನ್ಯವಾಗಿ 12 ಇಂಚಿನ ಕೂದಲು ಕೇಳ್ತಾರೆ. ಹುಡುಗರ ತಲೆಯಲ್ಲಿ ಎಲ್ಲಿಂದ ಬರಬೇಕು?

ಲೆಕ್ಕಪತ್ರ, ಹುಬ್ಬಳ್ಳಿ:
ನಾನು ದುಡ್ಡಿನ ಮಾತಷ್ಟೇ ಹೇಳ್ತೀನಿ. ಮಾಸ್ತರ ಫೋನ್‌ಪೇಗೆ ಹಾಕಿಸ್ಕೋಬೇಡಿ, ನಾಳೆ ಒಬ್ಬ ಕೇಳಿದರೆ ನೀವೇ ಸಿಕ್ಕಿಬೀಳ್ತೀರಿ. 80ಜಿ (ದಾನಕ್ಕೆ ಟ್ಯಾಕ್ಸ್ ವಿನಾಯಿತಿ ಕೊಡಿಸುವ ನೋಂದಣಿ) ಇರುವ ಸಂಸ್ಥೆಗೆ ಕೊಡುವವರು ನೇರ ಅಲ್ಲಿಗೇ ಹಾಕಲಿ. ನಗದು 2,000 ದಾಟಿದರೆ ಟ್ಯಾಕ್ಸ್ ವಿನಾಯಿತಿಯೂ ಸಿಗಲ್ಲ.

ಗಣಿತ ಮಾಸ್ತರ, ಧಾರವಾಡ:
ಅವ್ವಾರ, ನಿಮ್ಮ ಮಾತು ಓದಿ ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಮೊದಲೇ ಕೇಳಬೇಕಿತ್ತು, ತಪ್ಪು ನನ್ನದೇ. ಹುಡುಗ ಟೋಪಿ ಎತ್ತಿ ತೋರಿಸಿದ, ಪೀಚ್ ಹಣ್ಣಿನ ಮೇಲಿನ ಹಾಗೆ ನುಣ್ಣಗೆ ಕೂದಲು ಬರ್ತಿದೆ. "ಸರ್, ಅವರೆಲ್ಲ ಬೋಳಿಸ್ಕೊಂಡ್ರೆ ಗ್ಯಾದರಿಂಗ್‌ನಲ್ಲಿ ಕೂದಲು ಇರೋನು ನಾನೊಬ್ಬನೇ ಆಗ್ತೀನಿ, ಮತ್ತೆ ಎಲ್ಲರೂ ನನ್ನನ್ನೇ ನೋಡ್ತಾರೆ" ಅಂದ. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ ನೋಡಿ.

ಆಮೇಲೆ ಅವನೇ ಒಂದು ದಾರಿ ಹೇಳಿದ. ಹುಡುಗರು ಯಾರೂ ಬೇಡ, ನೀವೊಬ್ಬರೇ ಕೂಡ್ರಿ, ಮಿಷನ್ ಒಂದು ಸಲ ಎಳೆಯಲಿಕ್ಕೆ ಹತ್ತು ರೂಪಾಯಿ ಇಡ್ರಿ ಅಂತ. ನನ್ನ ಗಣಿತದ ಮೇಲೆ ಸಿಟ್ಟಿರುವವರ ಸಂಖ್ಯೆ ನೋಡಿದರೆ ಕಲೆಕ್ಷನ್ ಜಾಸ್ತಿನೇ ಆಗಬಹುದು. ಡಬ್ಬಿಗೆ ಬೀಗ ಹಾಕಿ ಆಫೀಸಿನಲ್ಲಿ ಎಲ್ಲರೆದುರು ಎಣಿಸಿ ಬ್ಯಾಂಕಿಗೆ ಕಟ್ತೀವಿ. ಆ ಹುಡುಗನ ಹೆಸರು ಎಲ್ಲೂ ಹೇಳಲ್ಲ.

ಕಟಿಂಗ್ ಅಂಗಡಿಯವರೇ, ಮಿಷನ್ ಯಾವ ನಂಬರ್ ಹಾಕಿದರೆ ಡಿಸೆಂಬರ್ ಥಂಡಿ ತಡೆಯಬಹುದು?

ಕಟಿಂಗ್ ಅಂಗಡಿ, ಹಾವೇರಿ:
ಝೀರೋನೇ ಹಾಕಬೇಕು ಸರ್, ಹತ್ತು ರೂಪಾಯಿ ಕೊಟ್ಟವರಿಗೆ ಮೋಸ ಆಗಬಾರದು. ಬರುವಾಗ ಮಫ್ಲರ್ ತರ್ರಿ.