ಓವರ್‌ಫ್ಲೋ ಪೈಪ್ ಗಳಗಳ ಅನ್ನುತ್ತದೆ, ಏನು ಮಾಡಲಿ?

ಪ್ರಶ್ನೆ:
ನಮಸ್ಕಾರ ಎಲ್ಲರಿಗೂ. ನನ್ನದು 4 ಅಡಿ ಮೀನಿನ ಟ್ಯಾಂಕ್ (ಅಕ್ವೇರಿಯಂ), ಮೂಲೆಯಲ್ಲಿ ಮೇಲ್ಮೈ ನೀರು ಉಕ್ಕಿ ಬೀಳುವ ಓವರ್‌ಫ್ಲೋ ಬಾಕ್ಸ್, ಕೆಳಗೆ ಆ ನೀರು ಸೇರುವ ಸಂಪ್ ತೊಟ್ಟಿ. ಬಾಕ್ಸ್ ತಳದಲ್ಲಿ ಎರಡು ತೂತು: 1 ಇಂಚಿನದು ಡ್ರೇನ್‌ಗೆ (ನೀರು ಸಂಪ್‌ಗೆ ಇಳಿಯೋಕೆ), ಮುಕ್ಕಾಲು ಇಂಚಿನದು ರಿಟರ್ನ್‌ಗೆ (ಪಂಪ್ ನೀರನ್ನು ಟ್ಯಾಂಕ್‌ಗೆ ವಾಪಸ್ ಕಳಿಸೋಕೆ). ಡ್ರೇನ್ ಪೈಪ್ ನೆಟ್ಟಗೆ ನಿಂತಿದೆ, ಮೇಲೆ ಬಾಯಿ ತೆರೆದೇ ಇದೆ. ಸ್ವಲ್ಪ ಹೊತ್ತು ಸುಮ್ನಿರುತ್ತದೆ. ಆಮೇಲೆ ಬಾಕ್ಸ್‌ನಲ್ಲಿ ನೀರು ಏರಿ, ಒಮ್ಮೆಲೇ ಗಳಗಳ ಅಂತ ಎಳೆದುಕೊಳ್ಳುತ್ತದೆ. ಮತ್ತೆ ಅದೇ ಕಥೆ. ಪಂಪ್ ಕಮ್ಮಿ ಮಾಡಿದರೆ ಸದ್ದೂ ಕಮ್ಮಿ, ಆದರೆ ಪೂರ್ತಿ ಹೋಗಲ್ಲ. ಪೈಪ್ ಬಾಯಿಗೆ ಸ್ಪಂಜ್ ತುರುಕಿದರೆ ನಡೆಯುತ್ತಾ?

ಉತ್ತರ:
ಸ್ಪಂಜ್ ಬೇಡವೇ ಬೇಡ. ಅದರಲ್ಲಿ ಕಸ ಕಟ್ಟಿಕೊಂಡ ದಿನ ನೀರೆಲ್ಲ ನೆಲಕ್ಕೆ.

ಸದ್ದು ನೀರಿನದಲ್ಲ, ನೀರಿನ ಜೊತೆ ಹೋಗುವ ಗಾಳಿಯದು. ತುಂಬಿದ ಬಾಟಲಿ ಬೋರಲು ಹಾಕಿದಾಗ ಗುಳುಗುಳು ಅನ್ನುತ್ತಲ್ಲ, ಅದೇ ಲೆಕ್ಕ. ನೀರು ಏರಿ ಪೈಪ್ ಬಾಯಿ ಮುಚ್ಚಿದ ಕೂಡಲೇ ಸೈಫನ್ ಹಿಡಿಯುತ್ತದೆ, ಅಂದರೆ ಪೈಪ್ ಪೂರ್ತಿ ನೀರು ತುಂಬಿಕೊಂಡು ಪಂಪ್ ಕೊಡುವುದಕ್ಕಿಂತ ಜೋರಾಗಿ ಎಳೆಯುತ್ತದೆ. ಮಟ್ಟ ಇಳಿದು ಗಾಳಿ ಹೊಕ್ಕಿತು ಅಂದರೆ ಸೈಫನ್ ಮುರಿಯುತ್ತದೆ.

ಮೊದಲು ಕೆಳಗಿನ ತುದಿ ನೋಡಿ. ಡ್ರೇನ್ ಪೈಪ್ ಸಂಪ್ ನೀರಿನಲ್ಲಿ ಎಷ್ಟು ಮುಳುಗಿದೆ? 2–3 ಸೆಂ.ಮೀ. ಸಾಕು. ತುಂಬಾ ಆಳ ಇದ್ದರೆ ಗಾಳಿ ಹೊರಬರೋಕೆ ಜಾಗ ಸಿಗದೆ ತೇಗು ಬಂದ ಹಾಗೆ ಉಗುಳುತ್ತದೆ. ನಡುವೆ ಎಲ್ಲೂ ಪೈಪ್ ಅಡ್ಡ ಮಲಗಿರಬಾರದು, ಇಳಿಜಾರು ಇರಲಿ.

ಅದಾದ ಮೇಲೆ ಡರ್ಸೋ ಮಾಡಿ, ಅಂದರೆ ಡ್ರೇನ್ ಪೈಪಿಗೆ ಸದ್ದು ಕಮ್ಮಿ ಮಾಡುವ ಒಂದು ತಲೆ. ಪೈಪ್ ತುದಿಗೆ ಒಂದು ಟೀ, ಟೀ ಪಕ್ಕದ ಬಾಯಿಗೆ ಕೆಳಮುಖವಾಗಿ ಎಲ್ಬೋ, ಮೇಲಿನ ಬಾಯಿಗೆ ಕ್ಯಾಪ್. ಕ್ಯಾಪ್‌ಗೆ ಸಣ್ಣ ತೂತು ಕೊರೆಯಿರಿ. ನೀರು ಮೇಲ್ಮೈ ಕೆಳಗಿನಿಂದ ಒಳಗೆ ಹೋಗುತ್ತದೆ, ಗಾಳಿ ತೂತಿನಿಂದ. ತೂತು ಚಿಕ್ಕದಿದ್ದರೆ ಮತ್ತೆ ಎಳೆದಾಟ, ಹಾಗಾಗಿ ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುತ್ತಾ ಹೋಗಿ. ಕ್ಯಾಪ್‌ಗೆ ಅಂಟು ಹಾಕಬೇಡಿ, ಕ್ಲೀನ್ ಮಾಡೋಕೆ ಬಿಚ್ಚಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಡರ್ಸೋ ಹಾಕಿದೆ, ಥ್ಯಾಂಕ್ಸ್. ಎಳೆದಾಟ ನಿಂತಿತು. ಈಗ ಕ್ಯಾಪ್ ತೂತಿನಿಂದ ಸುಯ್ ಅಂತ ಸದ್ದು. ಬಾಕ್ಸ್ ಒಳಗೆ ನೀರು ಬೀಳುವ ಸದ್ದೂ ಇದೆ. ಸಂಪ್‌ನಲ್ಲಿ ಗುಳ್ಳೆ ಹಾಗೇ ಇದೆ.

ಉತ್ತರ:
ಸುಯ್ ಅನ್ನೋದಕ್ಕೆ ತೂತಿಗೆ ಏರ್‌ಲೈನ್ ಟ್ಯೂಬ್ ಸಿಕ್ಕಿಸಿ, ತುದಿಗೆ ಸಣ್ಣ ಏರ್ ವಾಲ್ವ್ ಹಾಕಿ. ತೂತು ಕೊರೆಯೋ ಬದಲು ವಾಲ್ವ್ ತಿರುಗಿಸಿದರೆ ಆಯ್ತು. ಬೀಳುವ ಸದ್ದಿಗೆ ಪೈಪನ್ನೇ ಎತ್ತರ ಮಾಡಿ. ಬಾಕ್ಸ್ ಒಳಗಿನ ನೀರು ಟ್ಯಾಂಕ್ ನೀರಿಗಿಂತ ಕೆಲವೇ ಸೆಂ.ಮೀ. ಕೆಳಗಿದ್ದರೆ ಬೀಳೋಕೆ ಎತ್ತರವೇ ಇರಲ್ಲ.

ಗುಳ್ಳೆ ಮಾತ್ರ ಡರ್ಸೋದಲ್ಲಿ ಪೂರ್ತಿ ಹೋಗಲ್ಲ, ಗಾಳಿ ಇಳಿಯುತ್ತಲೇ ಇರುತ್ತದಲ್ವಾ? ಅದೂ ಬೇಡ ಅಂದರೆ ಹರ್ಬಿ: ಒಂದು ಪೈಪ್ ಗಾಳಿ ಇಲ್ಲದೆ ಸದಾ ಸೈಫನ್ ಆಗಿ ಓಡುತ್ತದೆ, ಅದು ಕಟ್ಟಿಕೊಂಡರೆ ಇರಲಿ ಅಂತ ಇನ್ನೊಂದು ಎಮರ್ಜೆನ್ಸಿ ಪೈಪ್. ನಿಮ್ಮಲ್ಲಿ ಎರಡು ತೂತು ಇರೋದರಿಂದ ನಾನಾದರೆ ಇದನ್ನೇ ಮಾಡುತ್ತೇನೆ. ಮುಕ್ಕಾಲು ಇಂಚಿನದನ್ನು ಸೈಫನ್ ಮಾಡಿ, 1 ಇಂಚಿನದನ್ನು ಎಮರ್ಜೆನ್ಸಿಗೆ ಬಿಡಿ. ಕಾಪಾಡಬೇಕಾದ ಪೈಪೇ ದೊಡ್ಡದಿರಲಿ. ಸೈಫನ್ ಪೈಪಿನ ಬಾಯಿ ನೀರಿನಲ್ಲಿ ಚೆನ್ನಾಗಿ ಮುಳುಗಿರಬೇಕು, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಸೇರುತ್ತದೆ. ಎಮರ್ಜೆನ್ಸಿ ಬಾಯಿ ಅದಕ್ಕಿಂತ ಮೇಲೆ, ಆದರೆ ಟ್ಯಾಂಕ್ ಅಂಚಿಗಿಂತ ಕೆಳಗೆ. ಸಂಪ್ ಹತ್ತಿರ ಸೈಫನ್ ಪೈಪಿಗೆ ಗೇಟ್ ವಾಲ್ವ್ ಹಾಕಿ. ಬಾಲ್ ವಾಲ್ವ್ ಬೇಡ, ಚೂರು ತಿರುಗಿಸಿದರೂ ಹರಿವು ತುಂಬಾ ಬದಲಾಗುತ್ತದೆ. ಗೇಟ್ ವಾಲ್ವನ್ನು ಒಂದಿಷ್ಟೇ ತಿರುಗಿಸಿ, ಮಟ್ಟ ನಿಲ್ಲೋವರೆಗೆ ಕಾದು, ಮತ್ತೆ ತಿರುಗಿಸಿ. ಎಮರ್ಜೆನ್ಸಿ ಪೈಪಿಗೆ ಎಳೆಯಷ್ಟು ನೀರು ಜಾರುತ್ತಿದ್ದರೆ ಒಳ್ಳೆಯದೇ, ಪಂಪ್ ಹರಿವು ಸ್ವಲ್ಪ ಏರುಪೇರಾದರೂ ಅದು ಸರಿದೂಗಿಸುತ್ತದೆ.

ರಿಟರ್ನ್ ಪೈಪ್ ಆಗ ಟ್ಯಾಂಕ್ ಅಂಚಿನ ಮೇಲಿಂದ ಬರಬೇಕು. ಅದರ ಬಾಯಿ ಮೇಲ್ಮೈಗೆ ಹತ್ತಿರ ಇರಲಿ. ಕರೆಂಟ್ ಹೋದಾಗ ಆ ಪೈಪೇ ಹಿಮ್ಮುಖವಾಗಿ ಟ್ಯಾಂಕ್ ನೀರನ್ನು ಸಂಪ್‌ಗೆ ಎಳೆಯುತ್ತದೆ.

ಪ್ರಶ್ನೆ ಕೇಳಿದವರು:
ಪಂಪ್ ಆನ್ ಮಾಡಿದ ತಕ್ಷಣ ಜೋರು ಸದ್ದು ಬಂದರೆ?

ಉತ್ತರ:
ಪೈಪಿನೊಳಗಿನ ಗಾಳಿ ಹೊರಹೋಗೋವರೆಗೆ ಅದು ಮಾಮೂಲು. ನಿಲ್ಲದಿದ್ದರೆ ಕೆಳತುದಿ ಜಾಸ್ತಿ ಮುಳುಗಿದೆ ಅಂತ. ಬಿಟ್ಟು ಹೋಗುವ ಮುಂಚೆ ಎರಡು ಪರೀಕ್ಷೆ ಮಾಡಿ: ಪಂಪ್ ಆಫ್ ಮಾಡಿ ಸಂಪ್ ತುಂಬಿ ಚೆಲ್ಲುತ್ತಾ ನೋಡಿ. ಪಂಪ್ ಓಡುತ್ತಿರುವಾಗಲೇ ಗೇಟ್ ವಾಲ್ವ್ ಪೂರ್ತಿ ಮುಚ್ಚಿ, ಎಮರ್ಜೆನ್ಸಿ ಪೈಪ್ ಒಂದೇ ಅಷ್ಟೂ ನೀರು ಇಳಿಸುತ್ತಾ ನೋಡಿ. ಇಳಿಸದಿದ್ದರೆ ಪಂಪ್ ದೊಡ್ಡದಾಯ್ತು, ಕಮ್ಮಿ ಮಾಡಿ.