ಬ್ರೈನ್ ಟ್ಯೂಮರ್ ಆದವರು ಟ್ರಸ್ಟಿ ಆಗಬಹುದಾ?

ಲೀಡ್ಸ್ ಕನ್ನಡಿಗ:
ಮೂರು ವರ್ಷದ ಹಿಂದೆ ನನಗೆ ಬ್ರೈನ್ ಟ್ಯೂಮರ್ ಆಪರೇಷನ್ ಆಯಿತು. ಈಗ ಆರು ತಿಂಗಳಿಗೊಮ್ಮೆ ಎಂಆರ್‌ಐ. ಇಲ್ಲಿನ ಒಂದು ಸಣ್ಣ ರೋಗಿಗಳ ಸಂಸ್ಥೆಯವರು ಟ್ರಸ್ಟಿ ಆಗಿ ಅಂತ ಕೇಳುತ್ತಿದ್ದಾರೆ. ಆದರೆ ಮಧ್ಯಾಹ್ನದ ಮೇಲೆ ನನಗೆ ತಲೆ ಓಡುವುದಿಲ್ಲ, ಮಾತಿನ ನಡುವೆ ಪದವೇ ಸಿಗುವುದಿಲ್ಲ. ಸುಮ್ನೆ ಫೋಟೋಗೆ ಒಬ್ಬ ರೋಗಿ ಬೇಕು ಅಂತ ಕರೆಯುತ್ತಿದ್ದಾರಾ ಅನ್ನೋ ಅನುಮಾನವೂ ಇದೆ. ಒಪ್ಪಿಕೊಳ್ಳಲಾ?

ಧಾರವಾಡದ ಅಕ್ಕ:
ಒಪ್ಪಿಕೊಳ್ಳಿ. ನಿಮ್ಮ ಬ್ರಿಟನ್ನಿನ ದಿ ಬ್ರೈನ್ ಟ್ಯೂಮರ್ ಚಾರಿಟಿ ಅನ್ನೋ ಸಂಸ್ಥೆ ಹುಟ್ಟಿದ್ದೇ ಒಂದು ಮನೆಯ ನೋವಿನಿಂದ ಅಲ್ವಾ? 1996ರಲ್ಲಿ 16 ವರ್ಷದ ಮಗಳು ಸಮಾಂಥಾಳನ್ನು ಕಳೆದುಕೊಂಡ ನೀಲ್ ಮತ್ತು ಆಂಜೆಲಾ ಡಿಕ್ಸನ್ ಶುರು ಮಾಡಿದ್ದು ಅದು. ಮಕ್ಕಳಲ್ಲಿ ಲಕ್ಷಣ ಬೇಗ ಗುರುತಿಸಲಿ ಅಂತ 2011ರಲ್ಲಿ ಹೆಡ್‌ಸ್ಮಾರ್ಟ್ ಅಭಿಯಾನ ಬಂತಲ್ಲ, ಅದರ ಹಿಂದೆಯೂ ಈ ಸಂಸ್ಥೆ ಇತ್ತು.

ಲೆಕ್ಕದ ಮನುಷ್ಯ:
ಟ್ರಸ್ಟಿ ಅಂದರೆ ಕಾನೂನಿನ ಜವಾಬ್ದಾರಿ ಇರುತ್ತದೆ, ಲೆಕ್ಕಪತ್ರ ನೋಡಬೇಕು. ಸಾಮಾನ್ಯವಾಗಿ ಸಂಬಳ ಇಲ್ಲ, ಓಡಾಟದ ಖರ್ಚು ಕೇಳಬಹುದು. ಮೀಟಿಂಗ್ ಬೆಳಿಗ್ಗೆ ಇರಲಿ, ಕಾಗದ ಒಂದು ವಾರ ಮೊದಲೇ ಬರಲಿ, ಸ್ಕ್ಯಾನ್ ವಾರದಲ್ಲಿ ರಜೆ ಕೊಡಲಿ ಅಂತ ಈಗಲೇ ಕೇಳಿ. ಬಜೆಟ್ ವಿಷಯದಲ್ಲಿ ನಿಮ್ಮ ಮಾತು ಕೇಳುತ್ತಾರಾ ಅಂತಲೂ ಕೇಳಿ, ಅಲ್ಲೇ ನಿಮ್ಮ ಅನುಮಾನಕ್ಕೆ ಉತ್ತರ ಸಿಗುತ್ತದೆ.

ಮೈಸೂರು ಮನೆ:
ನನ್ನ ಗಂಡನಿಗೆ ಗ್ಲಿಯೊಬ್ಲಾಸ್ಟೊಮಾ ಇತ್ತು, ಅಂದರೆ ಬೇಗ ಬೆಳೆಯುವ ಮೆದುಳಿನ ಕ್ಯಾನ್ಸರ್. ಮೆನಿಂಜಿಯೋಮಾ, ಅಂದರೆ ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವ ಮೆದುಳಿನ ಪೊರೆಯ ಗೆಡ್ಡೆ, ಆದವರ ಅನುಭವ ಬೇರೆಯೇ. ನೀವೊಬ್ಬರೇ ಎಲ್ಲರ ಪರವಾಗಿ ಮಾತಾಡುವ ಹಾಗೆ ಆಗಬಾರದು ಅಣ್ಣಾ. ಇನ್ನೊಬ್ಬ ರೋಗಿಯನ್ನೂ, ಮನೆಯಲ್ಲಿ ನೋಡಿಕೊಳ್ಳುವವರನ್ನೂ ಜೊತೆಗೆ ಸೇರಿಸಿಕೊಳ್ಳಲಿ.

ಲೀಡ್ಸ್ ಕನ್ನಡಿಗ:
ಇದು ನನಗೆ ಹೊಳೆದೇ ಇರಲಿಲ್ಲ. ಇನ್ನಿಬ್ಬರನ್ನು ತೆಗೆದುಕೊಂಡರೆ ಬರುತ್ತೇನೆ ಅಂತ ನಾಳೆ ಬೆಳಿಗ್ಗೆ ಬರೆಯುತ್ತೇನೆ.