ಪತ್ತೇದಾರಿ ಓದು: ಹೊಸದನ್ನು ಹೇಗೆ ಹುಡುಕುತ್ತೀರಿ? ಅನುಭವ ಹೇಳಿ

ಹುಬ್ಬಳ್ಳಿ ಓದುಗ: ನೌಕರಿ ಸೇರಿದ ಮೇಲೆ ಪತ್ತೇದಾರಿ ಕಾದಂಬರಿಗಳ ಓದು ತಪ್ಪಿಹೋಯಿತು. ಮತ್ತೆ ಶುರು ಮಾಡಬೇಕೆಂದಿದ್ದೇನೆ. ಯಾವುದು ಹೊಸದಾಗಿ ಬಂದಿದೆ, ಯಾವುದು ಓದಲು ಯೋಗ್ಯ ಎಂದು ನೀವೆಲ್ಲ ಹೇಗೆ ತಿಳಿದುಕೊಳ್ಳುತ್ತೀರಿ? ತಿಂಗಳಿಗೆ 500 ರೂಪಾಯಿ ತೆಗೆದಿಡಬಲ್ಲೆ. ರಾತ್ರಿ ಅರ್ಧ ಗಂಟೆಯಷ್ಟೇ ಬಿಡುವು.

ಡ್ಯಾಗರ್ ಪಟ್ಟಿ: ಬ್ರಿಟನ್ನಿನ ಕ್ರೈಮ್ ರೈಟರ್ಸ್ ಅಸೋಸಿಯೇಷನ್ ಕೊಡುವ ಡ್ಯಾಗರ್ ಪ್ರಶಸ್ತಿಗಳ ಪಟ್ಟಿಯೊಂದಿದ್ದರೆ ಸಾಕು, ವಿಮರ್ಶೆಗಳನ್ನು ನಾನು ಓದುವುದೇ ಇಲ್ಲ. 2005ರಲ್ಲಿ ಐಸ್‌ಲ್ಯಾಂಡಿನ ಲೇಖಕರೊಬ್ಬರ ಅನುವಾದಿತ ಕಾದಂಬರಿಗೆ ಗೋಲ್ಡ್ ಡ್ಯಾಗರ್ ಬಂತು. ಮರುವರ್ಷದಿಂದ ಅನುವಾದಗಳಿಗೆ ಬೇರೆಯೇ ಪ್ರಶಸ್ತಿ. ಜಪಾನ್, ಫ್ರಾನ್ಸಿನವರೆಲ್ಲ ನನಗೆ ಸಿಕ್ಕಿದ್ದು ಆ ಪಟ್ಟಿಯಿಂದ. ಖರ್ಚು ಮಾತ್ರ ಕೇಳಬೇಡಿ. ಗಟ್ಟಿ ರಟ್ಟಿನ ಪ್ರತಿ 1,899, ತರಿಸುವ ಕೂಲಿ 340. ಮೂಲೆ ಜಜ್ಜಿಕೊಂಡು ಬಂತು. ವಾಪಸ್ ಪಡೆದರು, ಆದರೆ 340 ಮುರಿದುಕೊಂಡರು. ಹಿಂದೆ ಕಳಿಸಲು 120 ಮತ್ತೆ ನನ್ನ ತಲೆಗೇ. ಎಂಟು ತಿಂಗಳಿಗೆ ಅದೇ ಪುಸ್ತಕ ಸಾದಾ ರಟ್ಟಿನಲ್ಲಿ 499ಕ್ಕೆ ಬಂತು. ಇಷ್ಟಾದರೂ ಪಟ್ಟಿಯನ್ನು ನಂಬಿ ನಾನು ಕೆಟ್ಟಿಲ್ಲ.

ಹಳೆಯ ಬೈಂಡು: ಲಂಡನ್ನಿನ ತೀರ್ಪುಗಾರರು ಹೇಳುವ ತನಕ ನಮಗೆ ರುಚಿ ತಿಳಿಯುವುದಿಲ್ಲವೇ ಸ್ವಾಮಿ? ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಕಥಾನಾಯಕ ಪತ್ತೇದಾರ ಪುರುಷೋತ್ತಮನ ಆಸೆಗೇ ಓದುವುದನ್ನು ರೂಢಿಸಿಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ. ಅವರಿಗೆ ಯಾವ ಪಟ್ಟಿ ಬೇಕಿತ್ತು? ನಾನು ಓದಿರದ ಪುಸ್ತಕವೆಲ್ಲ ನನಗೆ ಹೊಸದೇ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಗೋಣಿಚೀಲ ಬಿಚ್ಚಿಸಿ ಹುಡುಕುತ್ತೇನೆ. ಹಿಂದೆ ಒಂದೆರಡು ರೂಪಾಯಿಗೆ ಸಿಗುತ್ತಿದ್ದುದಕ್ಕೆ 450 ಹೇಳಿದರು, 400ಕ್ಕೆ ಇಳಿಸಿದೆ. ಬೈಂಡಿಂಗ್‌ಗೆ 80, ರಟ್ಟು ಬೇರೆ. ಮನೆಗೆ ಬಂದು ನೋಡಿದರೆ ಕೊನೆಯ ಫಾರಂ, ಅಂದರೆ ಒಟ್ಟಿಗೆ ಮಡಿಸಿ ಹೊಲಿದ ಪುಟಗಳ ಕಟ್ಟು, ಇಲ್ಲ! ಹದಿನಾರು ಪುಟ. ಕೊಲೆಗಾರ ಇರುವುದೇ ಅಲ್ಲಿ. ಅಂಗಡಿಯವನನ್ನು ಕೇಳಿದರೆ, “ಕಥೆಯೆಲ್ಲ ಇದೆಯಲ್ಲ ಸಾರ್, ಕೊನೆ ಮಾತ್ರ ತಾನೇ ಇಲ್ಲದ್ದು?” ಎಂದ.

ಮೈಸೂರಿನ ಮರಳುಪಕ್ಷಿ: ಸರಣಿಯನ್ನು ನಡುವಿನಿಂದ ಓದುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸ್ವೀಡನ್ನಿನ ಮಾಯ್ ಶೋವಾಲ್, ಪೇರ್ ವಾಲೋ ಜೋಡಿ 1965ರಿಂದ 1975ರವರೆಗೆ ಬರೆದದ್ದು ಹತ್ತೇ ಕಾದಂಬರಿ. ಪೊಲೀಸ್ ಅಧಿಕಾರಿ ಮಾರ್ಟಿನ್ ಬೆಕ್‌ನ ದಾಂಪತ್ಯ ಹದಗೆಡುವುದು, ದೇಶದ ಮೇಲಿನ ಲೇಖಕರ ಸಿಟ್ಟು ಏರುತ್ತಾ ಹೋಗುವುದು, ಎಲ್ಲವೂ ಕ್ರಮವಾಗಿ ಓದಿದರಷ್ಟೇ ಸಿಗುತ್ತವೆ. ಜರ್ಮನಿಯಲ್ಲಿದ್ದಾಗ ಇ-ಪುಸ್ತಕವಾಗಿ ಐದನ್ನು ಕೊಂಡಿದ್ದೆ, ಒಂದಕ್ಕೆ 9.99 ಯೂರೋ. ಊರಿಗೆ ಮರಳಿ ಖಾತೆಯ ದೇಶ ಬದಲಿಸಿದರೆ ಆರನೆಯದು ಇಲ್ಲಿ ಮಾರಾಟಕ್ಕಿಲ್ಲ, ಏಳನೆಯದು ಇದೆ! ಸಹಾಯವಾಣಿಯ ಹುಡುಗ ಏಳನೆಯದನ್ನೇ ಮೊದಲು ಓದಿ ಎಂದು ಸಲಹೆ ಕೊಟ್ಟ.

ಹುಬ್ಬಳ್ಳಿ ಓದುಗ: ಎಲ್ಲರಿಗೂ ಧನ್ಯವಾದ. 500 ರೂಪಾಯಿಯೊಳಗೆ…?

ಡ್ಯಾಗರ್ ಪಟ್ಟಿ: ಕ್ರಮ ಎಂಬುದು ದೊಡ್ಡ ಭ್ರಮೆ. ಅಗಾಥಾ ಕ್ರಿಸ್ಟಿಯ ಪತ್ತೇದಾರ ಪ್ವಾರೋನ ಕಾದಂಬರಿಗಳನ್ನು ಯಾವುದರಿಂದ ಹಿಡಿದರೂ ನಡೆಯುತ್ತದೆ. 1926ರದ್ದನ್ನೇ ತೆಗೆದುಕೊಳ್ಳಿ, ಅದರಲ್ಲಿ ಕೊಲೆ ಮಾಡಿದ್ದು [ಈ ಸಾಲನ್ನು ನಿರ್ವಾಹಕರು ತೆಗೆದಿದ್ದಾರೆ]

ಮೈಸೂರಿನ ಮರಳುಪಕ್ಷಿ: ನಿರ್ವಾಹಕರು ತೆಗೆಯುವಷ್ಟರಲ್ಲಿ ನಾನು ಓದಿಯಾಗಿತ್ತು. ಆ ಪುಸ್ತಕ ಮೊನ್ನೆ ತಾನೇ ಕೊಂಡದ್ದು, 399.

ಡ್ಯಾಗರ್ ಪಟ್ಟಿ: ಸುಮಾರು ನೂರು ವರ್ಷ ಹಳೆಯ ಗುಟ್ಟನ್ನು ಇನ್ನೆಷ್ಟು ದಿನ ಕಾಯಬೇಕು ಮೇಡಂ?

ಸ್ಕ್ಯಾನ್ ಸೇವೆ: ಹಳೆಯ ಬೈಂಡು ಅವರೇ, ನಿಮ್ಮ ಹದಿನಾರು ಪುಟ ನನ್ನಲ್ಲಿವೆ. ಕೆಲವು ಹಳೆಯ ಪತ್ತೇದಾರಿಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದೇನೆ. ಹಾಳೆ ಮುಟ್ಟಿದರೆ ಪುಡಿ. ಯಂತ್ರ 8,200, ಎರಡು ಬಾರಿ ದುರಸ್ತಿ. ಕೇಳಿದವರಿಗೆ ಪುಕ್ಕಟೆ ಕಳಿಸುತ್ತೇನೆ.

ಅಚ್ಚುಮೊಳೆ: ಪುಕ್ಕಟೆ ಕೊಡಲು ಅದು ನಿಮ್ಮ ಸ್ವತ್ತೇ? ನಮ್ಮ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ವಾರಸುದಾರರದು. ನರಸಿಂಹಯ್ಯನವರು ಹೋದದ್ದು 2011ರಲ್ಲಿ, ಅಂದರೆ 2071ರ ಕೊನೆಯವರೆಗೆ ಕೈ ಹಚ್ಚುವಂತಿಲ್ಲ. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. 1967ರಲ್ಲಿ ತೀರಿಕೊಂಡ ಅವರ ಪುಸ್ತಕಗಳು ಮುಕ್ತವಾಗುವುದೂ 2028ರ ಜನವರಿಗೇ. ನಾನು ಅನುಮತಿ ಪಡೆದು, ಗೌರವಧನ ಕೊಟ್ಟು ಒಂದು ಹಳೆಯ ಕಾದಂಬರಿಯನ್ನು ಮರುಮುದ್ರಿಸಿದೆ. ಐನೂರು ಪ್ರತಿ, ಕಾಗದ ಮುದ್ರಣ ಸೇರಿ 61,000. ಮುನ್ನೂರು ಪ್ರತಿ ಇಂದಿಗೂ ಮಂಚದ ಕೆಳಗಿವೆ, ಏಕೆಂದರೆ ನಿಮ್ಮಂಥವರ ಕಡತ ಅದಕ್ಕಿಂತ ಮೊದಲೇ ಎಲ್ಲರ ಮೊಬೈಲಿಗೆ ಹೋಗಿತ್ತು.

ಹಳೆಯ ಬೈಂಡು: 2071ರ ತನಕ ತಡೆದುಕೊಳ್ಳುವಂತೆ ಗೆದ್ದಲಿಗೂ ಕಾಯಿದೆ ಓದಿ ಹೇಳಿ. ಸ್ಕ್ಯಾನ್ ಸೇವೆಯವರೇ, ಹದಿನಾರು ಪುಟ ಇವತ್ತೇ ಕಳಿಸಿ.

ಅಚ್ಚುಮೊಳೆ: ಕಳಿಸಿದರೆ ನಿರ್ವಾಹಕರಿಗೆ ದೂರು ಕೊಡುತ್ತೇನೆ.

ಸ್ಕ್ಯಾನ್ ಸೇವೆ: ಕೊಡಿ. ಕಳೆದ ದೀಪಾವಳಿಗೆ ನೀವು ನನ್ನಿಂದ ಕೇಳಿ ಪಡೆದ ಮೂರು ಕಡತಗಳನ್ನೂ ದೂರಿಗೆ ಲಗತ್ತಿಸಿ.